ಲಗಾಮು ಬಿಟ್ಟ ಕೈ

ಕುರಿಗಾಹಿ ತಾಲಾಯ್‌ಗೆ ತೋಳ ಕಂಡರೂ ಅಷ್ಟು ದಿಗಿಲಿರಲಿಲ್ಲ. ಮಗಳ ನೋಟುಬುಕ್ ಕಂಡರೆ ಕೈಕಾಲು ತಣ್ಣಗಾಗುತ್ತಿತ್ತು. ಹನ್ನೊಂದು ವರ್ಷದ ಬೂರುಲ್ ಕೊಟ್ಟಿಗೆಯಲ್ಲಿ ಹಸುವಿನ ಮುಂದೆ ನಿಂತು ಒಪ್ಪಿಸುತ್ತಿದ್ದಳು.

"ವೀರನಿಗೆ ಭಯ ಅನ್ನೋದೇ ಇರಲ್ಲ. ವೀರ ದಾರಿ ತಪ್ಪಲ್ಲ. ನಮ್ಮಪ್ಪನೇ ಅದಕ್ಕೆ ಸಾಕ್ಷಿ."

ನಾಳೆ ತರಗತಿಯಲ್ಲಿ ಇದೇ ಭಾಷಣ. ಸಾಕ್ಷಿಯೂ ಬಂದು ಮುಂದಿನ ಬೆಂಚಿನಲ್ಲಿ ಕೂರಬೇಕೆಂದು ಗುಲ್‌ಜಾರ್ ಟೀಚರ್ ಹೇಳಿಕಳಿಸಿದ್ದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ತಾಲಾಯ್ ಬಾಗಿಲ ಮರೆಯಲ್ಲೇ ಬೆವರಿದ.

ಎರಡು ಚಳಿಗಾಲದ ಹಿಂದೆ ಕಣಿವೆಯಾಚೆಯ ಕುರಿಹಟ್ಟಿಯಲ್ಲಿ ಸಿಕ್ಕಿಬಿದ್ದ ಇಬ್ಬರು ಮಕ್ಕಳನ್ನು ಹಿಮಗಾಳಿಯಲ್ಲಿ ಅವನು ಊರಿಗೆ ತಂದದ್ದು ನಿಜ. ಆದರೆ ನಡುದಾರಿಯಲ್ಲಿ ತನ್ನ ಕೈಯೇ ತನಗೆ ಕಾಣದಾದಾಗ ಅವನು ಬಿಕ್ಕಿಬಿಕ್ಕಿ ಅತ್ತಿದ್ದ, ಲಗಾಮು ಕೈಬಿಟ್ಟಿದ್ದ. ತುಪ್ಪಳದ ಕೋಟಿನೊಳಗೆ ಮುದುಡಿದ್ದ ಮಕ್ಕಳಿಗೆ ಏನೂ ಕಂಡಿರಲಿಲ್ಲ. ಮೂವರನ್ನೂ ಮನೆಬಾಗಿಲಿಗೆ ಮುಟ್ಟಿಸಿದ್ದು ಮುದಿ ಕಂದು ಕುದುರೆ. ನಿಜ ಹೇಳೋಣ ನಾಳೆ ಎಂದು ಆ ರಾತ್ರಿ ಅಂದುಕೊಂಡಿದ್ದ. ಅಷ್ಟರಲ್ಲಿ ಊರು ಅವನನ್ನು ಅಟ್ಟಕ್ಕೇರಿಸಿ ಆಗಿತ್ತು. ಏರಿದವನಿಗೆ ಇಳಿಯುವ ಧೈರ್ಯ ಎಲ್ಲಿಂದ ಬರಬೇಕು?

ಕಳೆದ ಶರತ್ಕಾಲದಲ್ಲಿ ತೀರಿಕೊಂಡ ಅವನ ತಾಯಿಯ ವರ್ಷದ ಊಟ. ಆ ಸೀಮೆಯಲ್ಲಿ ಕುದುರೆ ಕಡಿಯದೆ ಅಂಥ ಊಟ ಆಗುವುದಿಲ್ಲ. ಕಂದು ಕುದುರೆಗೆ ವಯಸ್ಸಾಯಿತು, ಅದೇ ಸರಿ ಎಂದರು ಹಿರಿಯರು. ಬೇಡ ಎನ್ನಲು ಲಗಾಮಿನ ಕಥೆ ಹೇಳಬೇಕಿತ್ತು. ತಾಲಾಯ್ ಸುಮ್ಮನಿದ್ದ.

ಒಪ್ಪಿಸಿ ಮುಗಿಸಿ ಬಂದ ಮಗಳಿಗೆ ಸಂಜೆ ಅವನು ಚಹಾ ಬಗ್ಗಿಸಿಕೊಟ್ಟ. "ಆ ಭಯದ ಸಾಲು ತೆಗೆದುಬಿಡು ಮಗಳೇ."

"ಅದನ್ನ ತೆಗೆದ್ರೆ ಭಾಷಣದಲ್ಲಿ ಇನ್ನೇನ್ ಉಳಿಯುತ್ತೆ, ಅಪ್ಪಾ?" ಎಂದು ಬೂರುಲ್ ನಕ್ಕಳು. ಅಪ್ಪ ನಾಚಿಕೊಂಡ ಅಂದುಕೊಂಡಿದ್ದಳು.

ಮರುದಿನ ಅವಳು ಒಂದಕ್ಷರ ತಪ್ಪದೆ ಹೇಳಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಎರಡು ಮಾತಾಡಿ ಎಂದರು ಟೀಚರ್. ತಾಲಾಯ್ ಎದ್ದು ನಿಂತ. ಕೈಯಲ್ಲಿದ್ದ ಕಂಬಳಿ ಟೋಪಿ ಹಿಂಡಿ ಮುದ್ದೆಯಾಗಿತ್ತು. ಬಾಗಿಲು ನಾಲ್ಕೇ ಹೆಜ್ಜೆ ದೂರವಿತ್ತು. ಓಡಿಬಿಡಬೇಕೆನ್ನಿಸಿತು. ಆದರೆ ಮಗಳು ಅವನನ್ನೇ ನೋಡುತ್ತಿದ್ದಳು.

"ನಾನು ಹೆದರಿದ್ದೆ," ಎಂದ. "ಅತ್ಬಿಟ್ಟೆ. ಲಗಾಮೂ ಬಿಟ್ಬಿಟ್ಟೆ. ನಮ್ಮನ್ನ ಕರ್ಕೊಂಡ್ ಬಂದಿದ್ದು ಕುದುರೆ."

ಯಾರೂ ನಗಲಿಲ್ಲ. ಬೂರುಲ್ ತಲೆ ತಗ್ಗಿಸಿದಳು. ಆ ದಿನ ಅವನ ಕೋಟಿನೊಳಗಿದ್ದ ಮೀರಿಮ್ ಮೂರನೇ ಬೆಂಚಿನಿಂದ ಎದ್ದಳು.

"ಆ ಕುದುರೆ ಈಗ ಎಲ್ಲಿದೆ, ಮಾಮಾ?"

ಟೀಚರ್ ಕಿಟಕಿಯತ್ತ ತಿರುಗಿಕೊಂಡರು. ಆ ಊಟಕ್ಕೆ ಬಾರದ ಮನೆ ಊರಲ್ಲಿ ಒಂದೂ ಇರಲಿಲ್ಲ.

"ನಮ್ಮಮ್ಮನ ವರ್ಷದ ಊಟದಲ್ಲಿ ತಿಂದ್ವಲ್ಲಮ್ಮ, ಎಲ್ಲರೂ," ಎಂದ ತಾಲಾಯ್. "ನನಗೆ ಮರ್ಯಾದೆಯ ದೊಡ್ಡ ಮೂಳೆ ಕೊಟ್ರು. ವೀರ ಅಂತ."