ಕೆಂಪು ಪೊರೆ

ಅತ್ತೆಯವರ ಕಣ್ಣಿನ ಪೊರೆ ತೆಗೆಸಿದ ಹೊಸದರಲ್ಲೇ ನಮ್ಮ ಮೀನಿನ ತೊಟ್ಟಿಗೆ ಪೊರೆ ಬಂತು.

ತುಮಕೂರಿನ ನಮ್ಮ ಮನೆಯಲ್ಲಿ, ಬೇರೆಯವರು ಟಿ.ವಿ. ಇಡುವ ಗೋಡೆಗೆ, ಉಪ್ಪುನೀರಿನ ಒಂದು ಗಾಜಿನ ತೊಟ್ಟಿಯಿದೆ. ಅದರೊಳಗೆ ಕಲ್ಲು, ಬಿಳಿ ಮರಳು, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು, ಪಾಚಿ ಮೇಯುವ ಬಸವನಹುಳುಗಳು, ಒಂದಿಷ್ಟು ಹವಳ. ಹವಳವೆಂದರೆ ಕೊರಳಿಗೆ ಹಾಕಿಕೊಳ್ಳುವ ಕೆಂಪು ಮಣಿಯಲ್ಲ. ಜೀವವಿರುವ, ನೀರು ಹರಿದತ್ತ ಬೆರಳಾಡಿಸುವ ಮೆದು ಹವಳ. ತೊಟ್ಟಿಗಳಲ್ಲೇ ಬೆಳೆಸಿದವರು ಕೊಟ್ಟ ತುಣುಕುಗಳಿಂದ ಶುರುಮಾಡಿದ್ದೆ. ನಾನು ಹಲ್ಲಿನ ಡಾಕ್ಟರು. ದಿನವಿಡೀ ಜನರ ಬಾಯಿಯೊಳಗೆ ಇಣುಕಿ ಬಂದವಳಿಗೆ, ಸಂಜೆ ಏನನ್ನೂ ಹೇಳದ, ಕೇಳದ ಈ ಜೀವಗಳ ಮುಂದೆ ಕೂರುವುದು ಬೇಕೆನಿಸುತ್ತಿತ್ತು.

ಅತ್ತೆ ಗುಬ್ಬಿ ಹತ್ತಿರದ ಹಳ್ಳಿಯವರು. ಆಪರೇಷನ್ನಿಗೆಂದು ಬಂದವರು ನಮ್ಮಲ್ಲೇ ಉಳಿದಿದ್ದರು. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅವರಿಗೆ ಬಣ್ಣಗಳೆಲ್ಲ ಹೊಸದಾಗಿ ಕಾಣತೊಡಗಿದವು. ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆಯೇ ಕೂತಿರುತ್ತಿದ್ದರು. ಮರಳಿನ ಮೇಲೆ ಕೆಂಪು ಕಲೆಯನ್ನು ಮೊದಲು ಕಂಡವರೂ ಅವರೇ.

"ಮಖಮಲ್ಲು ಹಾಸ್ದಂಗೈತೆ ಕಣಮ್ಮ. ನೀನೇ ಹಾಕಿದ್ದಾ?" ಎಂದರು.

ನಾನು ಹಾಕಿದ್ದಲ್ಲ. ಅದು ಸಯನೊಬ್ಯಾಕ್ಟೀರಿಯಾ. ನೋಡುವುದಕ್ಕೆ ಪಾಚಿ, ನಿಜದಲ್ಲಿ ಬ್ಯಾಕ್ಟೀರಿಯಾಗಳ ಗುಂಪು. ಲೋಳೆಯಂಥ ಪದರವಾಗಿ ಹರಡಿ, ಹವಳದ ಮೇಲೆ ಹತ್ತಿ, ಅದನ್ನು ಉಸಿರುಗಟ್ಟಿಸುತ್ತದೆ. ವಾರದೊಳಗೆ ಬಿಳಿ ಮರಳು ಕಾಣದಂತಾಯಿತು. ಕಲ್ಲುಗಳೂ ಕೆಂಪಾದವು.

ನನಗೆ ಗೊತ್ತಿದ್ದನ್ನೆಲ್ಲ ಮಾಡಿದೆ. ಸಂಜೆ ಕ್ಲಿನಿಕ್ಕಿನಿಂದ ಬಂದವಳೇ ಸಣ್ಣ ಪೈಪು ಹಿಡಿದು ಆ ಲೋಳೆಯನ್ನು ಎಳೆದು ಬಕೆಟ್ಟಿಗೆ ಬಿಡುತ್ತಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ತೊಟ್ಟಿ ಸ್ವಚ್ಛ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಕೆಂಪು. ಬೋರ್‌ವೆಲ್ ನೀರಿನ ದೋಷವಿರಬಹುದೆಂದು ಫಿಲ್ಟರ್ ಬದಲಾಯಿಸಿದೆ. ನೀರು ನಿಂತಲ್ಲಿ ಇದು ಬೆಳೆಯುತ್ತದೆಂದು ಇನ್ನೊಂದು ಪಂಪು ಹಾಕಿದೆ. ದೀಪ ಉರಿಯುವ ಹೊತ್ತು ಕಡಿಮೆ ಮಾಡಿದೆ. ಕೊನೆಗೆ ದೀಪವನ್ನೇ ಆರಿಸಿ, ಇಡೀ ತೊಟ್ಟಿಗೆ ಕಂಬಳಿ ಹೊದಿಸಿ ಕೆಲವು ದಿನ ಕತ್ತಲಲ್ಲಿಟ್ಟೆ. ಬೆಳಕಿಲ್ಲದಿದ್ದರೆ ಅದು ಸೊರಗುತ್ತದೆ, ಹವಳ ಅಷ್ಟು ದಿನ ತಡೆದುಕೊಳ್ಳುತ್ತದೆ.

ಅತ್ತೆಗೆ ಇದು ಹಿಡಿಸಲಿಲ್ಲ. "ಮನೆ ಮಧ್ಯದಾಗೆ ಹಿಂಗೆ ಮುಸುಕು ಹಾಕಿಟ್ರೆ ಚೆಂದಾಗಿರ್ತದಾ?" ಎಂದು ಗೊಣಗಿದರು.

ಕಂಬಳಿ ತೆಗೆದಾಗ ಕೆಂಪು ಮಾಯವಾಗಿತ್ತು. ನಾನು ಖುಷಿಯಿಂದ ಎಲ್ಲರಿಗೂ ಕಾಫಿ ಮಾಡಿದೆ. ಆ ವಾರ ಕಳೆಯುವುದರೊಳಗೆ ಅದು ವಾಪಸು ಬಂತು, ಮೊದಲಿಗಿಂತ ದಪ್ಪವಾಗಿ. ನಾನು ತುಂಬ ಇಷ್ಟಪಟ್ಟು ಬೆಳೆಸಿದ್ದ, ಹಸಿರು ಬೆರಳುಗಳ ಹವಳವೊಂದು ಮುದುಡಿಕೊಂಡು ಮತ್ತೆ ಅರಳಲೇ ಇಲ್ಲ.

ನಮ್ಮವರು ಕಾಲೇಜಿನಲ್ಲಿ ಗಣಿತ ಕಲಿಸುತ್ತಾರೆ. ಸುತ್ತಿ ಬಳಸಿ ಹೋಗುವ ದಾರಿ ಅವರಿಗೆ ಸೇರದು. "ಅದೂ ಬ್ಯಾಕ್ಟೀರಿಯಾ ತಾನೆ? ನಿನ್ ಕ್ಲಿನಿಕ್ಕಲ್ಲಿ ಆಂಟಿಬಯಾಟಿಕ್ ಇಲ್ವೇನೇ? ಹಾಕಿ ಮುಗ್ಸು" ಎಂದರು.

ಹಾಗೆ ಹಾಕುವವರು ಇದ್ದಾರೆ. ನನಗೂ ಆಸೆಯಾಯಿತು. ಆದರೆ ಒಸಡು ಊದಿಸಿಕೊಂಡು ಬಂದು, "ಕ್ಲೀನಿಂಗ್ ಎಲ್ಲ ಬೇಡ ಡಾಕ್ಟ್ರೇ, ಮಾತ್ರೆ ಬರ್ಕೊಡಿ" ಎನ್ನುವವರಿಗೆ ನಾನು ದಿನವೂ ಏನು ಹೇಳುತ್ತೇನೆ? ಹಲ್ಲಿನ ಮೇಲೆ ಪದರ ಕಟ್ಟುವುದು ಯಾಕೆಂದು ನೋಡದೆ ಮಾತ್ರೆ ನುಂಗಿದರೆ ಪ್ರಯೋಜನವಿಲ್ಲ ಎನ್ನುತ್ತೇನೆ. ಇಲ್ಲಿ ಕಾರಣವೇ ಸಿಕ್ಕುತ್ತಿರಲಿಲ್ಲ.

ಭಾನುವಾರ ಕುಣಿಗಲ್ಲಿಗೆ ಹೋದೆ. ಅಲ್ಲಿ ಕುದುರೆಗಳಿಗೆ ಔಷಧಿ ಮಾಡುವ ಪಶುವೈದ್ಯರೊಬ್ಬರಿದ್ದಾರೆ. ಹವಳದ ಈ ಹುಚ್ಚಿನಲ್ಲಿ ನನಗಿಂತ ಹಳಬರು. ಮೊಬೈಲಿನಲ್ಲಿದ್ದ ಫೋಟೋಗಳನ್ನು ನಿಧಾನವಾಗಿ ನೋಡಿದರು.

"ಮೇವು ಹಾಕೋರು ಯಾರು?"

"ನಾನೇ ಸರ್. ದಿನಕ್ಕೊಂದ್ಸಲ, ಒಂದು ಚಿಟಿಕೆ."

"ನೀವೊಬ್ರೇನಾ?"

"ಒಬ್ಳೇ."

ಅವರು ಫೋನು ವಾಪಸು ಕೊಟ್ಟರು. "ಹೊಟ್ಟೆನೋವು ಅಂತ ಕುದುರೆ ಒದ್ದಾಡ್ತಿದ್ರೆ ನಾನು ಮೊದ್ಲು ಕೇಳೋದು ಇದನ್ನೇ. ಲಾಯದೋರು ನಾನೊಬ್ನೇ ಹಾಕಿದ್ದು ಅಂತಾರೆ. ಸುಳ್ಳು ಹೇಳಲ್ಲ ಪಾಪ, ಇನ್ನೊಬ್ರು ಹಾಕಿರೋದು ಅವ್ರಿಗೆ ಗೊತ್ತಿರಲ್ಲ. ಮನೇಲಿ ನೋಡಿ. ಔಷಧಿ ಮಾತ್ರ ಹಾಕ್ಬೇಡಿ. ಆ ಕೆಂಪು ಅಷ್ಟೂ ಒಟ್ಟಿಗೆ ಸತ್ತು ಕೊಳೆತ್ರೆ ನೀರಲ್ಲಿ ಉಸಿರೇ ಇರಲ್ಲ, ಮೀನೂ ಹೋಗ್ತವೆ."

ಮಾರನೆಯ ದಿನ ಮಧ್ಯಾಹ್ನ ಕ್ಲಿನಿಕ್ಕಿನಿಂದ ಬೇಗ ಬಂದೆ. ಅತ್ತೆ ಮೀನಿನ ಮೇವಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಅನ್ನಕ್ಕೆ ಉಪ್ಪು ಉದುರಿಸುವಂತೆ ನೀರಿಗೆ ಉದುರಿಸುತ್ತಿದ್ದರು. ನನ್ನನ್ನು ಕಂಡು ಗಾಬರಿಯಾಗಲಿಲ್ಲ. "ಬಾಮ್ಮ, ನೋಡು ಹೆಂಗ್ ಓಡ್ಬತ್ತವೆ" ಎಂದರು.

"ದಿನಾ ಹಾಕ್ತೀರಾ ಅತ್ತೆ?"

"ನಾನ್ ಉಣ್ಣಕ್ ಮುಂಚೆ ಹಾಕ್ತೀನಿ. ಬಾಯಿ ಬಿಟ್ಕಂಡು ನಿಂತಿರ್ತವೆ. ಅವು ನೋಡ್ತಿದ್ರೆ ನಂಗೆಂಗಮ್ಮ ತುತ್ತಿಳೀತದೆ?"

"ಕಂಬಳಿ ಹೊದಿಸಿದ್ದಾಗ?"

"ಆಗ್ಲೂವೆ. ಒಂದ್ ಮೂಲೆ ಎತ್ತಿ ಹಾಕ್ತಿದ್ದೆ. ಕತ್ಲಲ್ಲಿ ಹಸ್ಕಂಡಿರ್ತವೆ ಅಂತ."

ಸಿಟ್ಟು ಬಂತು. ಎಷ್ಟು ಸಂಜೆ ಬಕೆಟ್ಟು ಹೊತ್ತಿದ್ದೆ. ಆದರೆ ಅತ್ತೆಯನ್ನು ಬೈಯುವುದು ಹೇಗೆ? ಕೊಟ್ಟಿಗೆಯ ದನಕ್ಕೆ ಹುಲ್ಲು ಹಾಕಿದ ಮೇಲೆಯೇ ತಾವು ತಟ್ಟೆ ಮುಂದೆ ಕೂತ ಹೆಂಗಸು ಅವರು. ಬಂದವರಿಗೆ ಉಣ್ಣಿಸದೆ ಕಳಿಸಬಾರದೆಂಬ ಮಠದ ದಾಸೋಹ ನೋಡುತ್ತ ಬೆಳೆದವರು. ಅವರ ಪಾಲಿಗೆ ನಾನು ಹಾಕುವ ಒಂದು ಚಿಟಿಕೆಯೇ ತಪ್ಪು. ಪಕ್ಕದಲ್ಲಿ ಕೂತು ಹೇಳಿದೆ: ಮೀನು ತಿಂದು ಉಳಿದದ್ದು ಮರಳಿಗೆ ಇಳಿದು ಕೊಳೆಯುತ್ತದೆ, ಆ ಕೊಳೆತದ್ದನ್ನೇ ಉಂಡು ಈ ಕೆಂಪು ಬೆಳೆಯುತ್ತಿದೆ, ಹಸಿರು ಹವಳ ಸತ್ತದ್ದೂ ಇದರಿಂದಲೇ.

ಅತ್ತೆ ಡಬ್ಬಿಯ ಮುಚ್ಚಳ ಹಾಕಿ ಎದ್ದು ಹೋದರು. ಮರುದಿನ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ತೊಟ್ಟಿಗೆ ಬೆನ್ನು ಹಾಕಿ ಕೂತರು.

ರಾತ್ರಿ ಊಟಕ್ಕೆ ಕೂತಾಗ ನಮ್ಮವರು ಮೆಲ್ಲಗೆ, "ಬೆಳಿಗ್ಗೆ ನೀನು ವಾಕಿಂಗ್ ಹೋದಾಗ ನಾನೂ ಸ್ವಲ್ಪ ಹಾಕ್ತಿದ್ದೆ" ಎಂದರು. ಅತ್ತೆ ಮಗನ ಮುಖ ನೋಡಿದರು. ಎರಡು ದಿನದಲ್ಲಿ ಮೊದಲ ಸಲ ಅವರ ತುಟಿ ಸಡಿಲವಾಯಿತು.

ಹಲ್ಲಿಗೆ ತುಂಬುವ ಸಿಮೆಂಟ್ ಪುಡಿಯ ಜೊತೆ ಅಳತೆಗೊಂದು ಪುಟ್ಟ ಚಮಚ ಬರುತ್ತದೆ. ಕ್ಲಿನಿಕ್ಕಿನಿಂದ ಹೊಸದೊಂದನ್ನು ತಂದು ಅತ್ತೆಯ ಅಂಗೈಯಲ್ಲಿಟ್ಟೆ. "ಇನ್ಮೇಲೆ ನೀವೊಬ್ರೇ ಹಾಕಿ. ನಾನೂ ಮುಟ್ಟಲ್ಲ, ಅವ್ರೂ ಮುಟ್ಟಲ್ಲ."

"ನಂಗ್ ಬ್ಯಾಡ ಬುಡು. ನನ್ ಕೈಯಿಂದ್ಲೇ ಹಾಳಾಗಿದ್ದು."

"ಮೂರು ಜನ ಹಾಕಿದ್ದಕ್ಕೆ ಹಾಳಾಗಿದ್ದು ಅತ್ತೆ. ಒಬ್ರೇ ಆದ್ರೆ ಏನೂ ಆಗಲ್ಲ."

ಚಮಚವನ್ನು ತಿರುಗಿಸಿ ನೋಡಿದರು. "ಇದ್ರಾಗಾ? ಇರುವೆಗೂ ಸಾಲ್ದು."

"ಆ ಮೀನಿನ ಹೊಟ್ಟೆ ಅದರ ಕಣ್ಣಿನಷ್ಟೇ ಇರೋದಂತೆ."

ಅತ್ತೆ ಗಾಜಿಗೆ ಮುಖ ಹತ್ತಿರ ತಂದು ಮೀನಿನ ಕಣ್ಣನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಡಬ್ಬಿ ಕೇಳಿದರು.

ಅಂದಿನಿಂದ ಅವರಷ್ಟು ಕಟ್ಟುನಿಟ್ಟಿನವರು ಇನ್ನೊಬ್ಬರಿಲ್ಲ. ಮಗ ತೊಟ್ಟಿಯ ಹತ್ತಿರ ನಿಂತರೂ "ಏನ್ಲಾ ಅಲ್ಲಿ?" ಎನ್ನುತ್ತಿದ್ದರು. ನಾನು ಪೈಪಿನಿಂದ ಎಳೆಯುವುದನ್ನು ಬಿಡಲಿಲ್ಲ. ಎಳೆದಷ್ಟೇ ಹೊಸ ನೀರಿಗೆ ಉಪ್ಪು ಬೆರೆಸಿ ತುಂಬುತ್ತಿದ್ದೆ. ಕೆಂಪು ಒಮ್ಮೆಲೇ ಹೋಗಲಿಲ್ಲ. ಒಂದು ದಿನ ತೆಳುವಾಯಿತು, ಇನ್ನೊಂದು ದಿನ ಮತ್ತೆ ದಪ್ಪವಾದಂತೆ ಕಂಡಿತು. ಬೇಸಿಗೆ ಮುಗಿಯುವ ಹೊತ್ತಿಗೆ ಮರಳು ಮರಳಿನ ಬಣ್ಣಕ್ಕೆ ಬಂದಿತ್ತು. ಕಲ್ಲಿನ ಹಿಂದೆ, ನೀರಿನ ಸೆಳೆತ ತಲುಪದ ಕಡೆ ಒಂದು ಕಲೆ ಉಳಿದುಕೊಂಡಿತು. ಅದನ್ನು ನಾನು ತೆಗೆಯಲು ಹೋಗಲಿಲ್ಲ. ಭೂಮಿಯ ಗಾಳಿಯಲ್ಲಿ ಉಸಿರಾಡುವಂಥ ಆಮ್ಲಜನಕವನ್ನು ಮೊದಲು ತುಂಬಿದ್ದು ಇದೇ ಕುಲವಂತೆ. ಅಷ್ಟು ಹಳೆಯ ಜೀವವನ್ನು ನಾಲ್ಕಡಿ ಗಾಜಿನೊಳಗೆ ನಿರ್ನಾಮ ಮಾಡುತ್ತೇನೆಂದು ಹೊರಡುವುದು ದಡ್ಡತನ. ಮಿತಿಯಲ್ಲಿದ್ದರೆ ಅದೂ ಇರಲಿ ಅನ್ನಿಸಿತು.

ಮಳೆ ಶುರುವಾದ ಮೇಲೆ ಅತ್ತೆ ಗುಬ್ಬಿಗೆ ಹೊರಟರು. ಹೋಗುವ ಮುಂಚೆ ಮಗನನ್ನು ತೊಟ್ಟಿಯ ಮುಂದೆ ನಿಲ್ಲಿಸಿ, ಹೇಗೆ ಹಾಕಬೇಕೆಂದು ತಾವೇ ತೋರಿಸಿಕೊಟ್ಟರು. ಈಗ ಆ ಕೆಲಸ ನಮ್ಮವರದು. ಹಸಿರು ಹವಳವಿದ್ದ ಜಾಗದಲ್ಲಿ ನಾನು ಬೇರೇನೂ ನೆಟ್ಟಿಲ್ಲ. ಹಗಲು ಹೊತ್ತು ಅಲ್ಲಿ ಒಂದು ಬಸವನಹುಳು ಬಂದು ಅಂಟಿಕೊಂಡಿರುತ್ತದೆ.