ಮಾತಾಡದೆ ಓಡಿದವಳು

ಸಿಂಗಾನಲ್ಲೂರು ಕೆರೆ ಏರಿಯ ಮೇಲೆ ದಿನಾ ಬೆಳಗ್ಗೆ ದೂರದ ಓಟ ಕಲಿಸಿ ಕಲಿಸಿ ನನಗೆ ಸಾಕಾಗಿಹೋಗಿದೆ. ಮೊಣಕಾಲು ಹಿಡಿದುಕೊಂಡ ಡಾಕ್ಟರು, ಅರ್ಧ ಸುತ್ತಿಗೇ ಏದುಸಿರು ಬಿಡುವ ಬೇಕರಿಯವರು, ಎಲ್ಲರೂ ಬರುತ್ತಾರೆ. ಎಷ್ಟು ಓಡಬೇಕು, ಎಷ್ಟು ನಡೆಯಬೇಕು ಎಂದು ಒಬ್ಬೊಬ್ಬರಿಗೂ ಬೇರೆ ಬೇರೆ ಪಟ್ಟಿ ಬರೆದುಕೊಡುತ್ತೇನೆ. ನಿಯಮ ಮಾತ್ರ ಎಲ್ಲರಿಗೂ ಒಂದೇ: ನಿಧಾನದ ಓಟದಲ್ಲಿ ಪಕ್ಕದವರ ಜೊತೆ ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಹೆಚ್ಚಾಯಿತು ಎಂದೇ ಅರ್ಥ.

ಹೋದ ವರ್ಷ ಪಲ್ಲಡಂನಿಂದ ಒಬ್ಬಳು ಬಂದಳು. ನಲವತ್ತು ದಾಟಿದವಳು, ಪವರ್‌ಲೂಮ್ ಶೆಡ್ಡಿನಲ್ಲಿ ಕೆಲಸ, ಸುತ್ತೆಲ್ಲ ತಮಿಳಾದರೂ ಮನೆಮಾತು ನನ್ನ ಹಾಗೆಯೇ ಕನ್ನಡ. ಜೊತೆಯಲ್ಲಿ ಓಡುತ್ತ ಏನು ಕೇಳಿದರೂ ತಲೆಯಾಡಿಸುವಳೇ ಹೊರತು ಬಾಯಿ ಬಿಡಳು. ಉಸಿರು ಸಾಲುತ್ತಿಲ್ಲ ಎಂದುಕೊಂಡು ನಾನು ವಾರವಾರವೂ ಅವಳ ವೇಗ ಇಳಿಸಿದೆ. ಕೊನೆಗೆ ಅವಳ ಪಟ್ಟಿಯಲ್ಲಿ ಬರೀ ನಡಿಗೆ ಉಳಿಯಿತು. ಅದನ್ನು ನೋಡಿ ನಿಂತೇಬಿಟ್ಟಳು.

“ಯಾಕಣ್ಣಾ, ನಾನು ಓಡ್ಲೇಬಾರ್ದಾ?”

“ಮಾತಾಡೋಕೇ ಉಸಿರಿಲ್ಲವಲ್ಲಮ್ಮಾ ನಿನಗೆ.”

“ಉಸಿರೆಲ್ಲ ಅದೆ ಅಣ್ಣಾ. ಮಗ್ಗದ ಸದ್ದಲ್ಲಿ ಮಾತಾಡಿದ್ರೆ ಯಾರಿಗೆ ಕೇಳ್ತದೆ? ಇಪ್ಪತ್ತು ವರ್ಷ ಆಯ್ತು, ಕೆಲ್ಸ ಮಾಡೋವಾಗ ಬಾಯಿ ತೆಗ್ದು ರೂಢಿ ಇಲ್ಲ, ಪಳಕ್ಕವೇ ಇಲ್ಲ.”

ನನ್ನ ಮೇಲೆ ನನಗೇ ಸಿಟ್ಟು ಬಂತು. ಯಾಕೆ ಮಾತಾಡುವುದಿಲ್ಲ ಎಂದು ಇಷ್ಟು ದಿನದಲ್ಲಿ ಅವಳನ್ನು ನಿಲ್ಲಿಸಿ ಒಂದು ಮಾತು ಕೇಳಬಹುದಿತ್ತು. “ಸರಿ, ನಿನಗೆ ಬೇಕಾದಷ್ಟು ಜೋರಾಗಿ ಓಡು” ಎಂದು ನಾನೂ ಜೊತೆಗೆ ಹೊರಟೆ. ಏರಿ ತಿರುಗುವ ಹೊತ್ತಿಗೆ ಅವಳು ಹತ್ತು ಮಾರು ಮುಂದಿದ್ದಳು. ಓಡುತ್ತಲೇ ಹಿಂದಕ್ಕೆ ನೋಡಿ ಕೇಳಿದಳು:

“ಏನಣ್ಣಾ, ಮಾತೇ ಇಲ್ಲ?”

ನಾನು ತಲೆಯಾಡಿಸಿದೆ.