ಅಕ್ಕಿಕಾಳಿನ ಹೊತ್ತಿಗೆ ನಿಲ್ಲುತ್ತಿದ್ದ ಡಿವಿಡಿ

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಮಿಕ್ಸಿಂಗ್ ಅಂಗಡಿ. ಬೇರೆಯವರು ತೆಗೆದ ಮದುವೆ ವಿಡಿಯೊಗಳನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ, ಡಿಸ್ಕಿಗೆ ರೈಟ್ ಮಾಡಿ ಕೊಡುವುದು ನನ್ನ ಕಸುಬು. ಈಗ ಎಲ್ಲರೂ ಪೆನ್‌ಡ್ರೈವ್ ಕೇಳುತ್ತಾರೆ, ಕೊಟ್ಟು ನಿಶ್ಚಿಂತಳಾಗುತ್ತೇನೆ. ಕೆಲವು ವರ್ಷಗಳ ಹಿಂದೆ ಹೀಗಿರಲಿಲ್ಲ. ಊರವರ ಮದುವೆಗಳನ್ನೆಲ್ಲ ಸಲೀಸಾಗಿ ದಡ ಮುಟ್ಟಿಸಿದವಳು ಸ್ವಂತ ತಂಗಿಯ ಮದುವೆಯ ಡಿವಿಡಿಯಲ್ಲಿ ಮುಗ್ಗರಿಸಿದೆ.

ತಂಗಿಯನ್ನು ಹರಿಹರಕ್ಕೆ ಕೊಟ್ಟಿದ್ದೆವು. ಆ ಮನೆಯಲ್ಲಿ ಇದ್ದದ್ದು ಹುಡುಗ ಮತ್ತು ಅವನ ಅಜ್ಜಿ, ಇಬ್ಬರೇ. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡ ಮೊಮ್ಮಗನನ್ನು ಅಜ್ಜಿ ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ್ದರು. ಅವನು ದಾವಣಗೆರೆ ಪಕ್ಕದ ಕರೂರಿನ ಒಂದು ಫ್ಯಾಕ್ಟರಿಗೆ ದಿನಾ ಬೈಕಿನಲ್ಲಿ ಬಂದು ಹೋಗುತ್ತಿದ್ದ. ಅವನು ಸಂಜೆ ಮನೆ ಸೇರುವವರೆಗೆ ಅಜ್ಜಿಯ ಜೀವ ಹೆದ್ದಾರಿಯ ಮೇಲೇ ಇರುತ್ತಿತ್ತು.

ನಮ್ಮ ಕಡೆ ತಾಳಿ ಕಟ್ಟುವ ಮುಹೂರ್ತಕ್ಕೆ ಅಕ್ಕಿಕಾಳು ಎನ್ನುತ್ತೇವೆ. ಅಕ್ಕಿಕಾಳಿನ ಹೊತ್ತಿಗೆ ಅಜ್ಜಿಗೆ ಕಂಡದ್ದು ಬರೀ ಕ್ಯಾಮೆರಾದವರ ಬೆನ್ನು. ಹಾಗಾಗಿ ಮದುವೆಯನ್ನು ಟೀವಿಯಲ್ಲಾದರೂ ಕಣ್ತುಂಬ ನೋಡಬೇಕೆಂದು ಕಾದಿದ್ದರು. ಮಾಮೂಲಿ ಡಿವಿಡಿಯಾದರೆ ಎರಡು ಬೇಕಾಗುತ್ತಿತ್ತು. ಅಜ್ಜಿ ಬಿಲ್‌ಕುಲ್ ಒಪ್ಪಲಿಲ್ಲ.

"ಮದುವಿ ಎರಡು ತುಂಡು ಮಾಡಬ್ಯಾಡವ್ವ. ಒಂದರಾಗೇ ಬರ್ಲಿ" ಅಂದರು.

ಅದಕ್ಕೇ ಡ್ಯುಯಲ್ ಲೇಯರ್ ಡಿಸ್ಕ್ ತಂದೆ. ಅದರಲ್ಲಿ ಒಂದರ ಮೇಲೊಂದು ಎರಡು ಪದರ ಇರುತ್ತವೆ. ಪ್ಲೇಯರಿನ ಬೆಳಕು ಡಿಸ್ಕಿನ ನಡುವಿನಿಂದ ಓದುತ್ತಾ ಅಂಚಿಗೆ ಬರುತ್ತದೆ, ಅಲ್ಲಿ ಎರಡನೇ ಪದರಕ್ಕೆ ದಾಟಿ ಓದುತ್ತಾ ವಾಪಸ್ಸು ನಡುವಿಗೆ ಹೋಗುತ್ತದೆ. ಹೊಲ ಉಳುವವನು ಬದುವಿನ ಹತ್ತಿರ ಎತ್ತು ತಿರುಗಿಸಿಕೊಂಡು ಬಂದ ಹಾಗೆ. ತಂಗಿಯ ಮದುವೆ ಡಿಸ್ಕಿನ ಅಂಚಿನವರೆಗೂ ತುಂಬಿತ್ತು. ಅರಿಶಿನ ಹಚ್ಚುವುದರಿಂದ ಬೀಗರ ಊಟದವರೆಗೆ ಏನನ್ನೂ ಕತ್ತರಿಸಲು ನನಗೆ ಮನಸ್ಸು ಬಂದಿರಲಿಲ್ಲ. ಮೇಲೆ ಗಂಡುಹೆಣ್ಣಿನ ಫೋಟೊ ಪ್ರಿಂಟ್ ಮಾಡಿ, ನನ್ನ ಪ್ಲೇಯರಿನಲ್ಲಿ ಒಮ್ಮೆ ಪೂರ್ತಿ ನೋಡಿ ಕಳಿಸಿಕೊಟ್ಟೆ.

ಮರುದಿನ ತಂಗಿಯ ಫೋನು ಬಂತು. ಎಲ್ಲ ಚೆನ್ನಾಗಿ ಬಂತಂತೆ, ಆದರೆ ಹುಡುಗ ತಾಳಿಯನ್ನು ಕೈಗೆ ತೆಗೆದುಕೊಂಡ ಹೊತ್ತಿಗೆ ಚಿತ್ರ ಚೂರುಚೂರಾಗಿ ನಿಂತೇಬಿಟ್ಟಿತಂತೆ. ಮತ್ತೆ ಹಾಕಿದರೂ ಅಲ್ಲಿಗೇ ನಿಂತಿತು. ನನಗೆ ಗಾಬರಿಯೇನೂ ಆಗಲಿಲ್ಲ. ಪದರ ದಾಟುವ ಜಾಗದಲ್ಲಿ ಹಳೆಯ ಪ್ಲೇಯರುಗಳು ತಡವರಿಸುವುದು ನನಗೆ ಹೊಸದಲ್ಲ. ನೋಡಿದರೆ ಸಾಫ್ಟ್‌ವೇರು ದಾಟುವ ಜಾಗವನ್ನು ಸರಿಯಾಗಿ ಅಕ್ಕಿಕಾಳಿನ ನಡುವೆಯೇ ಇಟ್ಟಿತ್ತು. ಅದಕ್ಕೆ ಮನಸಾರೆ ಬೈದೆ. ಆ ಡಿಸ್ಕನ್ನು ವಾಪಸ್ಸು ಕಳಿಸು, ನೋಡುತ್ತೇನೆ ಅಂದೆ. ಮನೆಗೆ ಬಂದ ಮದುವೆಯನ್ನು ಹೊರಗೆ ಕಳಿಸುವುದು ಬೇಡ ಎಂದು ಅಜ್ಜಿ ಹೇಳಿದರಂತೆ.

ಸರಿ, ಇನ್ನೊಂದು ಮಾಡಿದೆ. ದಾಟುವ ಜಾಗವನ್ನು ವಾಲಗದವರು ಬರೀ ಊದುತ್ತಾ ಕುಳಿತ ದೃಶ್ಯಕ್ಕೆ, ಅಕ್ಕಿಕಾಳಿಗಿಂತ ತುಸು ಮುಂಚೆಗೆ ಸರಿಸಿದೆ. ಈ ಸಲ ನೇರವಾಗಿ ಡಿಸ್ಕಿಗೆ ರೈಟ್ ಮಾಡಲಿಲ್ಲ. ಮೊದಲು ಇಡೀ ಡಿಸ್ಕಿನ ತದ್ರೂಪವನ್ನು ಒಂದೇ ಇಮೇಜ್ ಫೈಲಾಗಿ ಕಂಪ್ಯೂಟರಿನಲ್ಲಿ ಉಳಿಸಿಕೊಂಡೆ. ಅದನ್ನು ನಡೆಸಿ ನೋಡಿದರೆ ಎಳ್ಳಷ್ಟೂ ದೋಷವಿಲ್ಲ. ಆಮೇಲೆ ಬೇರೆ ಕಂಪನಿಯ ಡಿಸ್ಕ್ ಹಾಕಿ, ಸ್ಪೀಡನ್ನು ಆದಷ್ಟು ತಗ್ಗಿಸಿ ರೈಟ್ ಮಾಡಿದೆ. ಪಕ್ಕದ ಮನೆಯವರ ಓಬೀರಾಯನ ಕಾಲದ ಪ್ಲೇಯರಿನಲ್ಲೂ ಅದು ಹೂವಿನ ಹಾಗೆ ಓಡಿತು.

ಹರಿಹರದಲ್ಲಿ ಮತ್ತೆ ಅಕ್ಕಿಕಾಳಿನ ಹೊತ್ತಿಗೇ ನಿಂತಿತು. ಈ ಸಲ ಫೋನಿನಲ್ಲಿ ತಂಗಿಯ ದನಿ ಬೇರೆಯಾಗಿತ್ತು. ಅಜ್ಜಿ ಮೊಮ್ಮಗನ ಬೈಕಿನ ಕೀ ಎತ್ತಿಟ್ಟು ಬಸ್ಸಿನಲ್ಲಿ ಹೋಗು ಎಂದಿದ್ದಾರೆ. ಸೋಮವಾರದ ಉಪವಾಸ ಹಿಡಿದಿದ್ದಾರೆ.

"ಅಕ್ಕ, ಅವ್ರು ಕೆಲ್ಸಕ್ಕೆ ಹೊರಡೋ ಹೊತ್ತಿಗೆ ಎದುರು ಬರಬ್ಯಾಡ, ಒಳಗಿರು ಅಂತ ಅಜ್ಜಿ ಹೇಳಿದ್ರು ನಂಗೆ. ಬೈದು ಹೇಳ್ಲಿಲ್ಲ, ಅಳ್ತಾ ಹೇಳಿದ್ರು" ಅಂದಳು.

ನನ್ನ ಮೈಯೆಲ್ಲ ಉರಿದುಹೋಯಿತು. ಎರಡು ಸಲ ತಾಳಿಯ ಹತ್ತಿರವೇ ನಿಂತ ಮದುವೆ. ಅಜ್ಜಿಗೆ ಅದು ಡಿಸ್ಕಿನ ದೋಷವಾಗಿ ಕಾಣಲಿಲ್ಲ, ಹುಡುಗಿಯ ಕಾಲ್ಗುಣವಾಗಿ ಕಂಡಿತ್ತು. ನಾನು ಮಾಡಿಕೊಟ್ಟ ವಸ್ತುವಿನಿಂದಾಗಿ ನನ್ನ ತಂಗಿ ತನ್ನ ಮನೆಯಲ್ಲೇ ಬಾಗಿಲ ಹಿಂದೆ ನಿಲ್ಲಬೇಕಾಯಿತು. ಅಜ್ಜಿಯ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಭಯವಾಯಿತು. ಒಂದು ಮನೆಯಲ್ಲಿ ಇಂಥ ಮಾತು ಬೇರು ಬಿಟ್ಟರೆ ಕೀಳುವುದು ಕಷ್ಟ.

ಭಾನುವಾರ ಲ್ಯಾಪ್‌ಟಾಪು, ಅದರಲ್ಲಿ ಇಮೇಜ್ ಫೈಲು, ರೈಟರು, ಖಾಲಿ ಡಿಸ್ಕುಗಳು ಮತ್ತು ಆಗಲೇ ರೈಟ್ ಮಾಡಿದ ಮೂರನೇ ಡಿವಿಡಿಯನ್ನು ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಜ್ಜಿಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಬಾಗಿಲಲ್ಲಿ ಅವರು "ಬರ್ರಿ, ಕೂಡ್ರಿ" ಎಂದು ಕೈಗೆ ನೀರು ಕೊಟ್ಟಾಗ ಅವರ ಮುಖ ಸೊರಗಿದ್ದು ನೋಡಿ, ಜೋಡಿಸಿಕೊಂಡದ್ದರಲ್ಲಿ ಅರ್ಧ ಮರೆತುಹೋಯಿತು.

ಡಿವಿಡಿಯನ್ನು ನಾನೇ ಪ್ಲೇಯರಿಗೆ ಹಾಕಲು ಹೋದೆ. ಅಜ್ಜಿ ತಡೆದು, ಎರಡೂ ಕೈಯಲ್ಲಿ ಅದನ್ನು ಇಸಿದುಕೊಂಡು ದೇವರ ಜಗಲಿಯ ಮುಂದೆ ಕುಳಿತರು. ಡಿಸ್ಕನ್ನು ಮಗುಚಿ, ಹೊಳೆಯುವ ಮೈಯನ್ನು ಮೇಲೆ ಮಾಡಿದರು. ಬಟ್ಟಲಿನಲ್ಲಿ ಕಲಸಿದ ಅರಿಶಿನದಲ್ಲಿ ಬೆರಳದ್ದಿ ಅಂಚಿಗೆ ನಾಲ್ಕು ಕಡೆ ಹಚ್ಚಿದರು. ಅದರ ಮೇಲೆ ಕುಂಕುಮ ಇಟ್ಟರು. ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಹಚ್ಚುವ ಕ್ರಮವೇ ಅದು. ದುಂಡನೆಯ ವಸ್ತುವಿಗೆ ಮೂಲೆ ಇಲ್ಲವೆಂದು ಅಂಚಿಗೆ ಹಚ್ಚಿದ್ದರು, ಅಷ್ಟೇ.

ನಾನು ಜಗಲಿಯ ಮುಂದೆ ಹಾಗೇ ಕುಸಿದು ಕುಳಿತೆ. ಎರಡು ಪದರ ಸೇರುವ ಅಂಚು, ಅಕ್ಕಿಕಾಳು ಬಂದು ಕುಳಿತಿದ್ದ ಅಂಚು, ಅದರ ಮೇಲೆ ನಾಲ್ಕು ಬೊಟ್ಟು. ದಾಟುವ ಜಾಗವನ್ನು ನಾನು ಅಷ್ಟಿಷ್ಟು ಸರಿಸಿದ್ದರಿಂದ ಏನಾಗಬೇಕಿತ್ತು? ಪ್ಲೇಯರಿನ ಟ್ರೇ ಎಳೆದು ನೋಡಿದರೆ ಅಲ್ಲೂ ಕೆಂಪು ಹುಡಿ. ಹಿಂದಿನ ಎರಡಕ್ಕೂ ಹೀಗೇ ಹಚ್ಚಿದ್ದನ್ನು ತಂಗಿ ಕಂಡಿದ್ದಳು, ಆದರೆ ಹೊಸ ಮಿಕ್ಸಿಗೂ ಕುಂಕುಮ ಇಡುವ ಮನೆಯಲ್ಲಿ ಬೆಳೆದವಳಿಗೆ ಅದು ಹೇಳಬೇಕಾದ ಸಂಗತಿ ಎಂದೇ ಅನ್ನಿಸಿರಲಿಲ್ಲ.

ಫೋಟೊ ಇರುವ ಕಡೆ ಯಾಕೆ ಹಚ್ಚಲಿಲ್ಲ ಅಂತ ಕೇಳಿದೆ. ಅಜ್ಜಿ ನನ್ನನ್ನು ತಿಳಿಗೇಡಿಯನ್ನು ನೋಡುವಂತೆ ನೋಡಿದರು.

"ಬದುಕಿರೋರ ಫೋಟಕ್ಕೆ ಯಾರಾದ್ರೂ ಕುಂಕುಮ ಇಡ್ತಾರೇನವ್ವ?"

ಬಟ್ಟೆ ತಗೊಂಡು ಒರೆಸಿಬಿಡೋಣವೆಂದರೆ ಅದು ಆಗದ ಮಾತು. ಮದುವೆಯ ವಸ್ತುವಿನ ಮೇಲಿನ ಕುಂಕುಮವನ್ನು ಅಳಿಸುವ ಎದೆಗಾರಿಕೆ ನನಗೂ ಇಲ್ಲ. ಆದರೆ ನನ್ನ ನಾಲಿಗೆಗೆ ತಾಳ್ಮೆ ಕಡಿಮೆ. ಆ ಕಡೆಯಿಂದಲೇ ಪ್ಲೇಯರು ಓದುವುದು, ಬೊಟ್ಟು ಅಡ್ಡ ಬಂದು ಅದು ಕುರುಡಾಗಿದೆ ಎಂದು ಹೇಳಿಯೇಬಿಟ್ಟೆ. ಹೇಳಿದ ಮೇಲೆ ತುಟಿ ಕಚ್ಚಿಕೊಂಡೆ. ಕುಂಕುಮವೇ ಅಡ್ಡ ಬಂತು ಅಂದರೆ ಅದನ್ನೂ ಅಪಶಕುನಕ್ಕೇ ಸೇರಿಸಿದರೆ ಏನು ಗತಿ ಅನ್ನಿಸಿತು.

ಅಜ್ಜಿ ತಮ್ಮ ಬೆರಳನ್ನೇ ನೋಡಿಕೊಂಡರು.

"ಅಂದ್ರೆ ಅದು ನಿಂತಿದ್ದು ನನ್ನ ಕೈಯಿಂದ?"

"ಹೌದ್ರಿ ಅಜ್ಜಿ."

"ದೇವ್ರು ನಿಲ್ಲಿಸಿದ್ದಲ್ಲ?"

"ಅಲ್ರಿ."

ಅವರು ಗೋಡೆಗೆ ಒರಗಿ ದೊಡ್ಡದಾಗಿ ಉಸಿರು ಬಿಟ್ಟರು. ಆಮೇಲೆ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಪ್ಪು ತನ್ನದೆಂದು ಗೊತ್ತಾಗಿ ಇಷ್ಟು ಸುಖಪಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ. ಅಜ್ಜಿಯ ಮೇಲಿನ ನನ್ನ ಸಿಟ್ಟು ಅಲ್ಲಿಗೇ ಮುಗಿಯಿತು. ಇಷ್ಟು ದಿನ ಆ ಮುದುಕಿ ಮೊಮ್ಮಗನ ಜೀವವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕುಳಿತಿದ್ದರು.

ಕುಂಕುಮ ಇಟ್ಟ ಡಿಸ್ಕನ್ನು ಜಗಲಿಯ ಮೇಲೇ ಇರಿಸಿ, ಪ್ಲೇಯರನ್ನು ಬಿಚ್ಚಿ ಒರೆಸಿದೆ. ಲ್ಯಾಪ್‌ಟಾಪಿನಲ್ಲಿದ್ದ ಇಮೇಜಿನಿಂದ ಹೊಸ ಡಿಸ್ಕಿಗೆ ಅಲ್ಲೇ ನಿಧಾನವಾಗಿ ರೈಟ್ ಮಾಡಲು ಹಾಕಿದೆ. ಅದು ಮುಗಿಯುವಷ್ಟರಲ್ಲಿ ನಮ್ಮ ಊಟವೂ ಆಯಿತು. ಪೂಜೆಗೊಂದು, ನೋಡುವುದಕ್ಕೊಂದು ಅಂದಿದ್ದಕ್ಕೆ ಅಜ್ಜಿ ತಕರಾರು ಮಾಡಲಿಲ್ಲ. ಆದರೂ ಹೊಸದನ್ನು ಹಾಕುವಾಗ ಅವರ ಬೆರಳು ಬಟ್ಟಲಿನ ಕಡೆ ಹೋಗಿ ಹಿಂದಕ್ಕೆ ಬಂತು.

ವಾಲಗದವರು ಬಂದರು. ಚಿತ್ರ ಒಂದು ಕ್ಷಣ ತಡೆಯಿತು, ನನ್ನ ಉಸಿರೂ ತಡೆಯಿತು. ಮುಂದೆ ಸಾಗಿತು. ಹುಡುಗ ತಾಳಿ ಕಟ್ಟಿದ, ಅಕ್ಕಿಕಾಳು ಬಿತ್ತು, ಮಂಟಪದವರೆಲ್ಲ ಎದ್ದು ನಿಂತರು. ಅಜ್ಜಿ ಕೂತಲ್ಲೇ ಟೀವಿಗೆ ಕೈಮುಗಿದರು. ನನ್ನ ಬೆನ್ನಿನ ಮೇಲಿನಿಂದ ಯಾರೋ ಮೂಟೆ ಇಳಿಸಿದ ಹಾಗಾಯಿತು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಕಿಟಕಿಗೆ ತಲೆಯಿಟ್ಟು ಊರು ಬರುವವರೆಗೂ ನಿದ್ದೆ ಮಾಡಿದೆ.

ಮಾರನೆಯ ದಿನ ಬೆಳಿಗ್ಗೆ ತಂಗಿಯ ಫೋನು ಬಂತು. ಅಳುತ್ತಿದ್ದಳೋ ನಗುತ್ತಿದ್ದಳೋ, ಮೊದಲು ತಿಳಿಯಲಿಲ್ಲ. ಮೊಮ್ಮಗ ಕೆಲಸಕ್ಕೆ ಹೊರಟು ಬೈಕ್ ಸ್ಟಾರ್ಟ್ ಮಾಡಿದನಂತೆ. ಅಜ್ಜಿ ಅಡುಗೆಮನೆಗೆ ಬಂದು, ಹಿಟ್ಟು ಮೆತ್ತಿದ್ದ ಇವಳ ಕೈಯನ್ನೇ ಹಿಡಿದು ಹೊಸಿಲಿನವರೆಗೆ ಕರೆತಂದು ನಿಲ್ಲಿಸಿ, ಅವನಿಗೆ ಹೇಳಿದರಂತೆ:

"ಇವಳ ಮುಖ ನೋಡ್ಕಂಡು ಹೋಗಪ್ಪ."